ಬ್ರಿಟನ್ನಿನ ಕೆಂಪು ಹದ್ದು: ಪೇಟೆಯಲ್ಲಿಯೂ ಹಳ್ಳಿಗಾಡಿನಲ್ಲಿಯೂ ಅದನ್ನು ಕಂಡವರ ಸಾಕ್ಷ್ಯ

1

ಯಾವುದೇ ಒಂದು ಪ್ರಾಣಿಯ ಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲು ಎದುರಾಗುವುದು ಸಾಕ್ಷ್ಯದ ತೊಡಕು. ದೊರೆಗಳು ಶಾಸನಗಳನ್ನು ಹಾಕಿಸಿದರು. ವರ್ತಕರು ಲೆಕ್ಕಪತ್ರಗಳನ್ನು ಬರೆದಿಟ್ಟರು. ಹಕ್ಕಿಯಾದರೋ ತನ್ನ ವಿಷಯವಾಗಿ ಏನನ್ನೂ ಬರೆದಿಡಲಿಲ್ಲ. ಅದನ್ನು ಕಂಡವರು ಏನು ಹೇಳಿದರು, ಏತಕ್ಕಾಗಿ ಹೇಳಿದರು ಎಂಬುದನ್ನು ವಿಚಾರಿಸಿಯೇ ಅದರ ಚರಿತ್ರೆಯನ್ನು ಕಟ್ಟಬೇಕಾಗುವುದು. ಆದುದರಿಂದ ಇಂಥ ಚರಿತ್ರೆಯು ಅರ್ಧ ಹಕ್ಕಿಯದಾದರೆ ಇನ್ನರ್ಧ ನೋಡಿದವನದು.

ಪ್ರಸ್ತುತ ಲೇಖನದಲ್ಲಿ ನಾವು ಬ್ರಿಟನ್ ದ್ವೀಪದ ಕೆಂಪು ಹದ್ದನ್ನು ವಿಷಯವನ್ನಾಗಿ ಆರಿಸಿಕೊಂಡಿದ್ದೇವೆ. ಒಂದು ಕಾಲದಲ್ಲಿ ಇಂಗ್ಲೆಂಡಿನ ಪಟ್ಟಣಗಳ ಬೀದಿಗಳಲ್ಲಿ ಮಕ್ಕಳ ಕೈಯಿಂದ ರೊಟ್ಟಿಯನ್ನು ಕಿತ್ತುಕೊಳ್ಳುತ್ತಿದ್ದ ಈ ಹಕ್ಕಿಯು 19ನೆಯ ಶತಮಾನ ಮುಗಿಯುವ ವೇಳೆಗೆ ವೇಲ್ಸ್ ಪ್ರಾಂತದ ಕೆಲವು ಕಣಿವೆಗಳಲ್ಲಿ ಬೆರಳೆಣಿಕೆಯಷ್ಟಾಗಿ ಉಳಿಯಿತು. 1989ರಿಂದೀಚೆಗೆ ಮನುಷ್ಯಪ್ರಯತ್ನದಿಂದ ಅದು ಮರಳಿ ಬಂದಿತು. ಇಂದು ಹಳ್ಳಿಗಾಡಿನಲ್ಲಿ ಮಾತ್ರವಲ್ಲದೆ ಪೇಟೆಗಳ ಮಾಳಿಗೆಗಳ ಮೇಲೂ ಸುತ್ತುತ್ತಿದೆ. ಐದು ಶತಮಾನಗಳ ಈ ಏರಿಳಿತದಲ್ಲಿ ಬದಲಾದುದು ಹಕ್ಕಿಯ ಸ್ವಭಾವವೋ, ಅದನ್ನು ನೋಡಿದ ಮನುಷ್ಯನ ಕಣ್ಣೋ ಎಂಬುದೇ ನಮ್ಮ ಪ್ರಶ್ನೆ.

ಮೊದಲು ಹಕ್ಕಿಯ ಗುರುತನ್ನು ಹೇಳುವುದು ಅವಶ್ಯಕ. ಕನ್ನಡ ವಾಚಕನಿಗೆ ಎರಡು ಬಗೆಯ ಹದ್ದುಗಳು ಚಿರಪರಿಚಿತ. ಪೇಟೆಯ ಮಾಂಸದಂಗಡಿಗಳ ಮೇಲೆ ಸುತ್ತುವ ಮಾಸಲು ಕಂದುಬಣ್ಣದ ಸಾಮಾನ್ಯ ಹದ್ದು ಒಂದು. ಇದನ್ನು ಶಾಸ್ತ್ರಜ್ಞರು ಕರಿಯ ಹದ್ದೆಂದು ಕರೆಯುವರು. ಕೆರೆ ಕಡಲುಗಳ ಬಳಿ ಕಾಣುವ, ತಲೆ ಎದೆಗಳು ಬಿಳಿದಾಗಿ ಮೈ ಕೆಂಗಂದಾಗಿರುವ ಗರುಡ ಮತ್ತೊಂದು. ನಾವು ಇಲ್ಲಿ ಹೇಳಹೊರಟ ಕೆಂಪು ಹದ್ದು ಇವೆರಡೂ ಅಲ್ಲ. ಅದು ಯೂರೋಪು ಖಂಡದ್ದು. ನಮ್ಮ ನಾಡಿನಲ್ಲಿ ಅದು ಇಲ್ಲ. ನಮ್ಮ ಕರಿಯ ಹದ್ದಿಗೆ ಅದು ಹತ್ತಿರದ ದಾಯಾದಿ. ಆದರೆ ಅದಕ್ಕಿಂತ ತುಸು ದೊಡ್ಡದು. ಹರಡಿದ ರೆಕ್ಕೆಗಳ ಅಳತೆ ಐದೂವರೆ ಅಡಿಗೂ ಮಿಕ್ಕಿದ್ದು. ತೂಕವಾದರೋ ಸುಮಾರು ಒಂದು ಕಿಲೋಗ್ರಾಂ ಮಾತ್ರ. ತಲೆ ಬೂದುಬಣ್ಣ, ಮೈ ಬಾಲಗಳು ತುಕ್ಕುಗೆಂಪು. ಬಾಲವು ಆಳವಾಗಿ ಸೀಳಿ ಕವಲಾಗಿರುವುದೇ ಅದರ ಮುಖ್ಯ ಲಕ್ಷಣ. ಕರಿಯ ಹದ್ದಿನ ಬಾಲದಲ್ಲಿ ಕವಲು ಅಷ್ಟು ಆಳವಿಲ್ಲ. ಗರುಡನ ಬಾಲದಲ್ಲಿ ಕವಲೇ ಇಲ್ಲ. ಅಷ್ಟು ದೊಡ್ಡ ರೆಕ್ಕೆಗೆ ಇಷ್ಟು ಹಗುರವಾದ ಮೈ ಇರುವುದರಿಂದ ಅದು ರೆಕ್ಕೆ ಬಡಿಯದೆಯೇ ಬಹಳ ಹೊತ್ತು ಗಾಳಿಯಲ್ಲಿ ತೇಲಬಲ್ಲುದು. ಕಾಲುಗಳಲ್ಲಿ ಬಲ ಸಾಲದು. ಆದುದರಿಂದ ಸತ್ತ ಪ್ರಾಣಿ, ಎರೆಹುಳು, ಇಲಿ, ಎಳೆಯ ಮೊಲ, ಹಕ್ಕಿಮರಿ ಇವೇ ಅದರ ಮುಖ್ಯ ಆಹಾರ.

ಈ ಹಕ್ಕಿಯು ಪ್ರಾಚೀನ ಕಾಲದಿಂದಲೂ ಆ ದ್ವೀಪದ ಜನರ ಕಣ್ಣಿಗೆ ಬಿದ್ದಿತ್ತೆಂಬುದಕ್ಕೆ ಭಾಷೆಯೇ ಸಾಕ್ಷಿ. ಇಂಗ್ಲಿಷಿನಲ್ಲಿ ಅದಕ್ಕೆ ‘ಕೈಟ್’ ಎಂದೂ ‘ಗ್ಲೀಡ್’ ಎಂದೂ ಎರಡು ಹಳೆಯ ಹೆಸರುಗಳುಂಟು. ಎರಡನೆಯದು ತೇಲುವುದು ಎಂಬ ಅರ್ಥದ ಧಾತುವಿಗೆ ಸಂಬಂಧಿಸಿದುದು. ಮಕ್ಕಳು ಹಾರಿಸುವ ಗಾಳಿಪಟಕ್ಕೆ ಇಂಗ್ಲಿಷರು ‘ಕೈಟ್’ ಎನ್ನುವುದು ಈ ಹಕ್ಕಿಯ ಹೆಸರಿನಿಂದಲೇ. ಈಗ ಲಂಡನ್ನಿನ ಒಂದು ಬಡಾವಣೆಯಾಗಿರುವ ಕಿಡ್‌ಬ್ರೂಕ್ ಎಂಬ ಊರಿನ ಹೆಸರಿಗೆ ಹದ್ದಿನ ತೊರೆ ಎಂದೂ, ಲೀಡ್ಸ್ ನಗರದ ಗ್ಲೆಡ್‌ಹೌ ಎಂಬ ಹೆಸರಿಗೆ ಹದ್ದಿನ ಗುಡ್ಡ ಎಂದೂ ಸ್ಥಳನಾಮಶಾಸ್ತ್ರಜ್ಞರು ಅರ್ಥಮಾಡಿರುವರು. ಹಕ್ಕಿ ಹೋದ ಮೇಲೂ ಹೆಸರು ನಿಂತಿತು.

2

ಪಟ್ಟಣಗಳ ಹದ್ದಿನ ವಿಷಯವಾಗಿ ನಮಗೆ ದೊರೆಯುವ ಹಳೆಯ ಲಿಖಿತ ಸಾಕ್ಷ್ಯಗಳಲ್ಲಿ ಒಂದು ವಿಶೇಷವುಂಟು. ಅವುಗಳಲ್ಲಿ ಮುಖ್ಯವಾದುವೆಲ್ಲ ಪರದೇಶಿಗಳ ಬರಹಗಳು, ಇಲ್ಲವೆ ಪರದೇಶದಲ್ಲಿ ಕುಳಿತು ಸ್ವದೇಶವನ್ನು ನೆನೆದವರ ಬರಹಗಳು. ಇದು ಆಕಸ್ಮಿಕವಲ್ಲವೆಂದು ನಮ್ಮ ಅಭಿಪ್ರಾಯ. ದಿನವೂ ಕಣ್ಣೆದುರಿಗೆ ಇರುವುದನ್ನು ಊರಿನವನು ಬರೆದಿಡುವುದಿಲ್ಲ. ಹೊರಗಿನಿಂದ ಬಂದವನು ಬರೆದಿಡುವನು.

1465ರಲ್ಲಿ ಯೂರೋಪಿನ ಅರಮನೆಗಳನ್ನು ನೋಡಲು ಹೊರಟ ಬೊಹೀಮಿಯದ ಶ್ರೀಮಂತನೊಬ್ಬನ ಪರಿವಾರದಲ್ಲಿ ಶಾಷೆಕ್ ಎಂಬುವನಿದ್ದನು. ಆತನ ಪ್ರವಾಸವೃತ್ತಾಂತದಲ್ಲಿ, ಲಂಡನ್ ಸೇತುವೆಯ ಬಳಿ ಕಂಡಷ್ಟು ಹದ್ದುಗಳನ್ನು ತಾನು ಬೇರೆಲ್ಲಿಯೂ ಕಾಣಲಿಲ್ಲವೆಂಬ ಮಾತು ಬರುವುದು. ಇದಾದ ಮೂರು ದಶಕಗಳ ಮೇಲೆ, ಎಂದರೆ 1500ರ ಆಸುಪಾಸಿನಲ್ಲಿ, ವೆನಿಸ್ ಗಣರಾಜ್ಯದ ರಾಯಭಾರಿಯ ಪರಿವಾರದವನೊಬ್ಬನು ಇಂಗ್ಲೆಂಡಿನ ಸ್ಥಿತಿಗತಿಗಳನ್ನು ಕುರಿತು ಒಂದು ವರದಿಯನ್ನು ಬರೆದನು. ಇದು 1847ರಲ್ಲಿ ಇಂಗ್ಲಿಷ್ ಭಾಷಾಂತರದೊಡನೆ ಅಚ್ಚಾಯಿತು. ವೆನಿಸಿನವನಿಗೆ ಅಚ್ಚರಿಯನ್ನುಂಟುಮಾಡಿದ ಸಂಗತಿಗಳು ಎರಡು. ಕಾಗೆಗಳನ್ನು ಕೊಂದವರಿಗೆ ಅಲ್ಲಿ ದಂಡ ವಿಧಿಸುವರು, ಏಕೆಂದರೆ ಅವು ಪಟ್ಟಣದ ಬೀದಿಗಳ ಹೊಲಸನ್ನು ತೆಗೆಯುವುವು ಎಂಬುದು ಮೊದಲನೆಯದು. ಹದ್ದುಗಳ ಸ್ಥಿತಿಯೂ ಹೀಗೆಯೇ. ಅವು ಎಷ್ಟು ಪಳಗಿವೆಯೆಂದರೆ ತಾಯಂದಿರು ಬೆಣ್ಣೆ ಸವರಿ ಕೊಟ್ಟ ರೊಟ್ಟಿಯನ್ನು ಎಳೆಯ ಮಕ್ಕಳ ಕೈಯಿಂದಲೇ ಎತ್ತಿಕೊಳ್ಳುವುವು ಎಂಬುದು ಎರಡನೆಯದು. ಈ ವರದಿಯಲ್ಲಿ ದೂರಿನ ಧ್ವನಿಯಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಹದ್ದಿನ ಆ ಕೃತ್ಯವು ಪಳಗಿದುದರ ಗುರುತಾಗಿ ಬಂದಿದೆಯೇ ಹೊರತು ಅಪರಾಧವಾಗಿ ಬಂದಿಲ್ಲ.

ಮೂರನೆಯ ಸಾಕ್ಷಿ ವಿಲಿಯಂ ಟರ್ನರನದು, ಇವನು ಇಂಗ್ಲಿಷಿನವನೇ. ಮತೀಯ ಕಾರಣಗಳಿಂದ 1540ರಲ್ಲಿ ದೇಶವನ್ನು ಬಿಟ್ಟು ಯೂರೋಪಿನಲ್ಲಿ ಅಲೆಯುತ್ತಿದ್ದಾಗ ಅವನು ಪಕ್ಷಿಗಳನ್ನು ಕುರಿತು ಲ್ಯಾಟಿನ್ನಿನಲ್ಲಿ ಒಂದು ಚಿಕ್ಕ ಗ್ರಂಥವನ್ನು ಬರೆದು 1544ರಲ್ಲಿ ಕಲೋನ್ ಪಟ್ಟಣದಲ್ಲಿ ಅಚ್ಚುಮಾಡಿಸಿದನು. ಅರಿಸ್ಟಾಟಲ್ ಮತ್ತು ಪ್ಲಿನಿ ಹೇಳಿದ ಹಕ್ಕಿಗಳು ಯಾವುವೆಂದು ನಿರ್ಣಯಿಸುವುದು ಅವನ ಉದ್ದೇಶ. ಹದ್ದಿನ ಪ್ರಸ್ತಾಪ ಬಂದಾಗ ಅವನು ತಾನು ಎರಡು ಬಗೆಯ ಹದ್ದುಗಳನ್ನು ಬಲ್ಲೆನೆನ್ನುವನು. ದೊಡ್ಡದು ಕೆಂಪು ಛಾಯೆಯದು, ಇಂಗ್ಲೆಂಡಿನಲ್ಲಿ ಹೇರಳ, ಊರುಗಳಲ್ಲಿ ಮಕ್ಕಳ ಕೈಯಿಂದ ತಿಂಡಿಯನ್ನು ಕಸಿಯುವಷ್ಟು ಲೂಟಿಕೋರ. ಇನ್ನೊಂದು ಚಿಕ್ಕದು, ಹೆಚ್ಚು ಕಪ್ಪಾದುದು, ಊರಿಗೆ ಬರುವುದು ಅಪರೂಪ. ಅದನ್ನು ಜರ್ಮನಿಯಲ್ಲಿ ಪದೇ ಪದೇ ಕಂಡಿದ್ದರೂ ಇಂಗ್ಲೆಂಡಿನಲ್ಲಿ ಕಂಡ ನೆನಪಿಲ್ಲವೆಂದು ಅವನು ಸ್ಪಷ್ಟಪಡಿಸಿರುವನು.

ಟರ್ನರನ ಈ ಹೇಳಿಕೆಗೆ ಚರಿತ್ರಕಾರನ ದೃಷ್ಟಿಯಲ್ಲಿ ಬಹಳ ಬೆಲೆಯುಂಟು. ಲಂಡನ್ನಿನ ಹಳೆಯ ಹದ್ದುಗಳು ನಿಜವಾಗಿಯೂ ಕೆಂಪು ಹದ್ದುಗಳೇ ಅಥವಾ ನಮ್ಮಲ್ಲಿರುವಂಥ ಕರಿಯ ಹದ್ದುಗಳೇ ಎಂಬ ಸಂದೇಹ ಹುಟ್ಟುವುದು ಸಹಜ. ಏಕೆಂದರೆ ಇಂದು ಕೈರೋ, ದೆಹಲಿ, ಬೆಂಗಳೂರು ಮೊದಲಾದ ನಗರಗಳಲ್ಲಿ ಕಸದ ಮೇಲೆ ಜೀವಿಸುವುದು ಕರಿಯ ಹದ್ದು. 16ನೆಯ ಶತಮಾನದಲ್ಲಿ ಲಂಡನ್ನಿಗೆ ಹೋಗಿಬಂದ ಸಸ್ಯಶಾಸ್ತ್ರಜ್ಞ ಕ್ಲೂಸಿಯಸನು ಅಲ್ಲಿಯ ಹದ್ದುಗಳು ಕೈರೋ ನಗರದವುಗಳಿಗಿಂತ ಸಂಖ್ಯೆಯಲ್ಲಿ ಕಡಮೆಯಿಲ್ಲವೆಂದು ಹೋಲಿಸಿ ಹೇಳಿದುದೂ ಈ ಸಂದೇಹಕ್ಕೆ ಎಡೆಗೊಡುವುದು. ಆದರೆ ಕ್ಲೂಸಿಯಸನು ಹೋಲಿಸಿದುದು ಸಂಖ್ಯೆಯನ್ನು, ಜಾತಿಯನ್ನಲ್ಲ. ಟರ್ನರನಾದರೋ ಎರಡು ಜಾತಿಗಳನ್ನೂ ತನ್ನ ಕಣ್ಣಿನಿಂದ ಕಂಡು, ಬಣ್ಣ, ಗಾತ್ರ, ನಡತೆ ಈ ಮೂರನ್ನೂ ಬೇರ್ಪಡಿಸಿ ಹೇಳಿರುವನು. ಇಂಥ ಸಾಕ್ಷಿಯ ಎದುರಿಗೆ ಕೇವಲ ಊಹೆಯು ನಿಲ್ಲಲಾರದು. ಇಂಗ್ಲೆಂಡಿನ ಪಟ್ಟಣಗಳ ಹದ್ದು ಕೆಂಪು ಹದ್ದೇ ಎಂದು ನಾವು ನಿರ್ಣಯಿಸಬಹುದಾಗಿದೆ.

ಹೀಗೆ ಹದ್ದುಗಳು ಗುಂಪುಗೂಡಲು ಕಾರಣವಾದ ಪಟ್ಟಣದ ಸ್ಥಿತಿಯನ್ನೂ ಇಲ್ಲಿ ಹೇಳಬೇಕು. ಲಂಡನ್ ನಗರದೊಳಗೆ ದನಕುರಿಗಳನ್ನು ಕಡಿಯುವುದನ್ನು ತಡೆಯಲು 1361ರಲ್ಲಿ ಮೂರನೆಯ ಎಡ್ವರ್ಡನು ಆಜ್ಞೆ ಹೊರಡಿಸಿದನು. 1388ರಲ್ಲಿ ನದಿ ಹಳ್ಳಗಳಿಗೆ ಕರುಳು ಹೊಲಸುಗಳನ್ನು ಎಸೆಯಕೂಡದೆಂದು ಪಾರ್ಲಿಮೆಂಟು ಶಾಸನ ಮಾಡಿತು. ಒಂದು ನಿಷೇಧವು ಮತ್ತೆ ಮತ್ತೆ ಹೊರಟರೆ ಆ ಕೆಲಸವು ನಿಲ್ಲಲಿಲ್ಲವೆಂದೇ ಅರ್ಥ. ಆ ಹೊಲಸೇ ಹದ್ದಿನ ಅನ್ನ. ಪೇಟೆಯವರು ಹದ್ದನ್ನು ಸಹಿಸಿದುದು ಪ್ರೀತಿಯಿಂದಲ್ಲ, ಪ್ರಯೋಜನದಿಂದ. 17ನೆಯ ಶತಮಾನದ ಆರಂಭದ ಷೇಕ್ಸ್‌ಪಿಯರನ ನಾಟಕಗಳಲ್ಲಿ ಹದ್ದು ಹೊಲಸಿನ ನೀಚಪಕ್ಷಿಯಾಗಿಯೂ, ಗೂಡು ಕಟ್ಟುವ ಕಾಲದಲ್ಲಿ ಒಣಹಾಕಿದ ಬಟ್ಟೆಯನ್ನು ಕದಿಯುವ ಕಳ್ಳನಾಗಿಯೂ ಬರುವುದು. ನಾಟಕ ನೋಡಲು ಬಂದ ಜನಕ್ಕೆ ಅದನ್ನು ವಿವರಿಸುವ ಅವಶ್ಯಕತೆಯೇ ಇರಲಿಲ್ಲ.

3

ಪೇಟೆಯಿಂದ ಹಳ್ಳಿಗಾಡಿನ ಕಡೆಗೆ ತಿರುಗಿದರೆ ಸಾಕ್ಷ್ಯದ ಸ್ವರೂಪವೇ ಬದಲಾಗುವುದು. ಇಲ್ಲಿ ನಮಗೆ ದೊರೆಯುವುದು ಪ್ರವಾಸಿಯ ಅಚ್ಚರಿಯಲ್ಲ. ಶಾಸನ ಮತ್ತು ಲೆಕ್ಕ.

ಸ್ಕಾಟ್ಲೆಂಡಿನಲ್ಲಿ ಎರಡನೆಯ ಜೇಮ್ಸನ ಕಾಲದಲ್ಲಿ, 1457ರಲ್ಲಿಯೇ, ಬೆಳೆಗೂ ಸಾಕುಹಕ್ಕಿಗಳಿಗೂ ಕೇಡುಮಾಡುವ ಪಕ್ಷಿಗಳನ್ನು ನಾಶಗೊಳಿಸಬೇಕೆಂದು ಕಾನೂನಾಯಿತು. ಅದರಲ್ಲಿ ಹದ್ದಿನ ಹೆಸರುಂಟು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ 1532ರ ಶಾಸನವು ಕಾಗೆಯ ಜಾತಿಯವುಗಳಿಗೆ ಸಂಬಂಧಿಸಿತ್ತು. ಮೊದಲನೆಯ ಎಲಿಜಬೆತ್ ರಾಣಿಯ 1566ರ ಶಾಸನವು ಪಟ್ಟಿಯನ್ನು ಬಹಳವಾಗಿ ಬೆಳೆಸಿ ಹದ್ದನ್ನೂ ಅದರೊಳಗೆ ಸೇರಿಸಿತು. ಪ್ರತಿಯೊಂದು ಪ್ಯಾರಿಷಿನಲ್ಲಿಯೂ ಚರ್ಚಿನ ವಾರ್ಡನರು ಭೂಮಿಯುಳ್ಳವರಿಂದ ಹಣವೆತ್ತಿ, ಸತ್ತ ಪ್ರಾಣಿಯ ತಲೆಯನ್ನು ತಂದವರಿಗೆ ಗೊತ್ತಾದ ಇನಾಮನ್ನು ಕೊಡಬೇಕಾಯಿತು. ಹದ್ದಿನ ತಲೆಗೆ ಒಂದು ಪೆನ್ನಿ.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಈ ಶಾಸನದ ಹೆಸರು ಧಾನ್ಯರಕ್ಷಣೆಯ ಶಾಸನ. ಹದ್ದು ಒಂದು ಕಾಳನ್ನೂ ತಿನ್ನದು. ಕಾಳನ್ನು ತಿನ್ನುವ ಇಲಿಯನ್ನು ತಿನ್ನುವುದು. ಆದರೂ ರೈತನ ಕೋಳಿಮರಿಯನ್ನು ಅದು ಒಯ್ಯುತ್ತಿತ್ತೆಂಬುದೂ ಸುಳ್ಳಲ್ಲ. ಆ ಕಾಲದ ಬಡ ಒಕ್ಕಲಿಗೆ ಒಂದು ಕೋಳಿಯ ನಷ್ಟವು ಸಣ್ಣದಲ್ಲ. ಒಂದು ಪೆನ್ನಿಯ ಲಾಭವೂ ಸಣ್ಣದಲ್ಲ. ಕೆಂಟ್ ಪ್ರಾಂತದ ಟೆಂಟರ್‌ಡನ್ ಊರಿನ 17ನೆಯ ಶತಮಾನದ ಚರ್ಚಿನ ಲೆಕ್ಕಗಳಲ್ಲಿ ನೂರಾರು ಹದ್ದುಗಳ ತಲೆಗೆ ಹಣ ಕೊಟ್ಟ ದಾಖಲೆಯಿದೆ.

ಈ ಲೆಕ್ಕಗಳನ್ನು ಓದುವಾಗ ಎಚ್ಚರಿಕೆ ಬೇಕು. ವಾರ್ಡನರು ಬರೆದುದು ಹಣದ ಲೆಕ್ಕವನ್ನು, ಹಕ್ಕಿಗಳ ಗಣತಿಯನ್ನಲ್ಲ. ಒಂದು ಊರಿನಲ್ಲಿ ದಾಖಲೆ ಇಲ್ಲದಿದ್ದರೆ ಅಲ್ಲಿ ಹದ್ದು ಇರಲಿಲ್ಲವೆಂದಾಗಲಿ, ಇನ್ನೊಂದು ಊರಿನಲ್ಲಿ ಬಹಳವಿದ್ದರೆ ಅಲ್ಲಿ ಮಾತ್ರವೇ ಇದ್ದಿತೆಂದಾಗಲಿ ಹೇಳಲಾಗದು. ಇನಾಮು ಕೊಡುವ ಉತ್ಸಾಹವು ಊರಿಂದೂರಿಗೆ ಬೇರೆಯಾಗಿದ್ದಿತು. ಆದರೂ ಒಂದು ಮಾತು ಖಂಡಿತ. 1500ರ ಸುಮಾರಿಗೆ ಪೇಟೆಯ ಬೀದಿಯಲ್ಲಿ ರಕ್ಷಣೆ ಪಡೆದಿದ್ದ ಅದೇ ಹಕ್ಕಿಯ ತಲೆಗೆ ಎರಡು ತಲೆಮಾರುಗಳೊಳಗೆ ಹಳ್ಳಿಯಲ್ಲಿ ಬೆಲೆ ಕಟ್ಟಲಾಯಿತು. ಹಕ್ಕಿ ಒಂದೇ, ಪೇಟೆಯಲ್ಲಿ ಅದು ಯಾರಿಗೂ ಬೇಡವಾದುದನ್ನು ತಿಂದಿತು, ಹಳ್ಳಿಯಲ್ಲಿ ಒಬ್ಬನ ಸ್ವತ್ತನ್ನು ತಿಂದಿತು. ಭೇದವಿದ್ದುದು ಇಷ್ಟೇ.

4

ಪೇಟೆಯಲ್ಲಿ ದೊರೆತಿದ್ದ ಆ ರಕ್ಷಣೆಯೂ ಬಹುಕಾಲ ನಿಲ್ಲಲಿಲ್ಲ. ಅದಕ್ಕಾಗಿ ಯಾರೂ ಹೊಸ ಕಾನೂನನ್ನು ಮಾಡಬೇಕಾಗಲಿಲ್ಲ. 1666ರ ಮಹಾಗ್ನಿಯಲ್ಲಿ ಲಂಡನ್ನಿನ ಮರದ ಮನೆಗಳು ಸುಟ್ಟು, ಇಟ್ಟಿಗೆ ಕಲ್ಲುಗಳ ಹೊಸ ನಗರವು ಎದ್ದಿತು. 1762ರಲ್ಲಿ ವೆಸ್ಟ್‌ಮಿನ್‌ಸ್ಟರಿನ ಬೀದಿಗಳಿಗೆ ಕಲ್ಲು ಹಾಸುವ ಶಾಸನವಾಯಿತು. ಕಸವನ್ನು ತೆಗೆಯುವ ಕೆಲಸ ಗುತ್ತಿಗೆದಾರರ ಪಾಲಿಗೆ ಬಂದಿತು. 1777ರಲ್ಲಿ ನ್ಯಾಯವಾದಿಗಳ ನಿವಾಸವಾದ ಗ್ರೇಸ್ ಇನ್ನಿನ ತೋಟದ ಮರದಲ್ಲಿ ಹದ್ದುಗಳು ಗೂಡು ಕಟ್ಟಿದುದು ಲಂಡನ್ ನಗರದ ಕೊನೆಯ ಗೂಡೆಂದು ದಾಖಲೆಯಾಗಿದೆ. ಹಾಸುಗಲ್ಲೇ ಹದ್ದನ್ನು ಓಡಿಸಿತೆಂದು ನಾವು ಹೇಳುವುದಿಲ್ಲ. ನಗರದ ಸುತ್ತಲಿನ ಹಳ್ಳಿಗಳಲ್ಲಿ ನಡೆಯುತ್ತಿದ್ದ ಸಂಹಾರವೂ ಅದಕ್ಕೆ ಕಾರಣವಾಗಿರಲೇಬೇಕು. ಆದರೆ ಬೀದಿ ಶುದ್ಧವಾದಷ್ಟೂ ಹದ್ದಿನ ಕೆಲಸ ಮುಗಿಯುತ್ತ ಬಂದಿತು. ಕೆಲಸ ಮುಗಿದ ಆಳಿನ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ.

ಹಳ್ಳಿಗಾಡಿನಲ್ಲಿ ಇನ್ನೂ ಕೆಲವು ಕಾಲ ಅದು ಸಾಮಾನ್ಯ ದೃಶ್ಯವಾಗಿಯೇ ಇತ್ತು. 1789ರಲ್ಲಿ ಪ್ರಕಟವಾದ ಸೆಲ್ಬರ್ನ್ ಗ್ರಾಮದ ಪ್ರಕೃತಿಚರಿತ್ರೆಯಲ್ಲಿ ಗಿಲ್ಬರ್ಟ್ ವೈಟನು ಹಕ್ಕಿಗಳನ್ನು ಅವುಗಳ ಹಾರಾಟದಿಂದಲೇ ಗುರುತಿಸುವ ಬಗೆಯನ್ನು ಹೇಳುವಾಗ, ರೆಕ್ಕೆಯನ್ನು ಕದಲಿಸದೆ ವೃತ್ತಾಕಾರವಾಗಿ ತೇಲುವ ಹದ್ದನ್ನು ಮೊದಲ ನಿದರ್ಶನಗಳಲ್ಲಿ ಒಂದಾಗಿ ಕೊಟ್ಟಿರುವನು. ಹಾನಿ ಲಾಭಗಳ ಮಾತಿಲ್ಲದೆ ಹದ್ದನ್ನು ಹದ್ದಾಗಿಯೇ ನೋಡಿದ ಕಣ್ಣು ಇಲ್ಲಿ ಕಾಣುವುದು.

ಆದರೆ ಕಾಲ ಮಿಂಚಿತ್ತು. ಬೇಲಿ ಹಾಕಿ ಜಮೀನುಗಳನ್ನು ಒಟ್ಟುಗೂಡಿಸಿದ ದೊಡ್ಡ ಒಡೆಯರು ಫೆಸೆಂಟ್, ಗ್ರೌಸ್ ಮೊದಲಾದ ಬೇಟೆಹಕ್ಕಿಗಳನ್ನು ಸಾಕತೊಡಗಿದರು. ಅವುಗಳನ್ನು ಕಾಯಲು ಸಂಬಳದ ಕಾವಲುಗಾರರು ನೇಮಕವಾದರು. ಕೊಕ್ಕಿನ ಹಕ್ಕಿಯೆಲ್ಲವೂ ಅವರಿಗೆ ಶತ್ರು. ಬಂದೂಕು ಸುಧಾರಿಸಿತು, ಉಕ್ಕಿನ ಬೋನು ಬಂದಿತು, ವಿಷವಿಕ್ಕಿದ ಮಾಂಸ ಎಲ್ಲಕ್ಕಿಂತ ಸುಲಭವಾಯಿತು. ಸತ್ತುದನ್ನು ತಿನ್ನುವ ಹದ್ದು ಈ ಮೂರನೆಯದಕ್ಕೆ ಬಲಿಯಾದಷ್ಟು ಬೇರೆ ಯಾವ ಹಕ್ಕಿಯೂ ಬಲಿಯಾಗಿರಲಾರದು. ಸ್ಕಾಟ್ಲೆಂಡಿನ ಗ್ಲೆನ್‌ಗ್ಯಾರಿ ಜಮೀನಿನಲ್ಲಿ 1837ರಿಂದ 1840ರ ವರೆಗೆ ಕೊಂದ ಪ್ರಾಣಿಗಳ ಪಟ್ಟಿಯಲ್ಲಿ ಹದ್ದುಗಳ ಸಂಖ್ಯೆ 275. ಕಾವಲುಗಾರನು ತನ್ನ ಒಡೆಯನಿಗೆ ಒಪ್ಪಿಸಿದ ಲೆಕ್ಕದಲ್ಲಿ ಅತಿಶಯೋಕ್ತಿ ಇರಬಹುದು. ಆದರೆ ಅತಿಶಯೋಕ್ತಿಯೂ ಒಂದು ಸಾಕ್ಷಿಯೇ. ಹೆಚ್ಚು ಕೊಂದೆನೆಂದು ಹೇಳಿಕೊಳ್ಳುವುದು ಆ ಕಾಲದಲ್ಲಿ ಹೆಮ್ಮೆಯ ವಿಷಯವಾಗಿದ್ದಿತೆಂಬುದು ಅದರಿಂದ ಸಿದ್ಧವಾಗುವುದು.

ಹಕ್ಕಿ ವಿರಳವಾದಷ್ಟೂ ಅದರ ಮೊಟ್ಟೆಗೂ ಚರ್ಮಕ್ಕೂ ಬೆಲೆ ಏರಿತು. ಶೇಖರಣೆಯ ಹುಚ್ಚಿನವರು ಉಳಿದ ಗೂಡುಗಳನ್ನು ಹುಡುಕಿಕೊಂಡು ಹೋದರು. 1871ರ ವೇಳೆಗೆ ಇಂಗ್ಲೆಂಡಿನಿಂದಲೂ 1879ರ ವೇಳೆಗೆ ಸ್ಕಾಟ್ಲೆಂಡಿನಿಂದಲೂ ಕೆಂಪು ಹದ್ದು ನಿರ್ನಾಮವಾಯಿತು.

5

ಉಳಿದುದು ವೇಲ್ಸಿನ ಮಧ್ಯಭಾಗದ ಬೆಟ್ಟಸೀಮೆಯಲ್ಲಿ ಮಾತ್ರ. ಟೌವಿ ನದಿಯ ಮೇಲ್ಭಾಗದ ಕಣಿವೆಗಳಲ್ಲಿ ಓಕ್ ಮರಗಳ ತೋಪುಗಳೂ ಕುರಿಗಳ ಬೆಟ್ಟಗಳೂ ಇದ್ದುವು. ಬೇಟೆಯ ಜಮೀನುಗಳು ಕಡಮೆಯಿದ್ದುವು. ಹದ್ದು ಅಲ್ಲಿ ಉಳಿದುದು ಆ ಸೀಮೆ ಅದಕ್ಕೆ ಅತ್ಯಂತ ಪ್ರಿಯವೆಂದಲ್ಲ. ಅದನ್ನು ಕೊಲ್ಲುವ ಕಾರಣವು ಅಲ್ಲಿಯವರಿಗೆ ಕಡಮೆಯಿದ್ದುದರಿಂದ. ಚಳಿಮಳೆಗಳ ಆ ಬೆಟ್ಟದಲ್ಲಿ ಮರಿಗಳು ಬದುಕುವುದೇ ಕಷ್ಟವಾಗಿದ್ದಿತು. ಮುಂದೆ ಇಂಗ್ಲೆಂಡಿನ ತಗ್ಗುನಾಡಿನಲ್ಲಿ ಹದ್ದುಗಳು ಬಹಳ ಬೇಗ ವೃದ್ಧಿಯಾದುದನ್ನು ನೋಡಿದರೆ ಈ ಮಾತು ಸ್ಥಿರಪಡುವುದು. ಆದುದರಿಂದ ಒಂದು ಪ್ರಾಣಿಯು ಕೊನೆಗೆ ಉಳಿದ ಸ್ಥಳವನ್ನೇ ಅದರ ಸಹಜವಾದ ನೆಲೆಯೆಂದು ತಿಳಿಯುವುದು ದೊಡ್ಡ ತಪ್ಪು. ಹದ್ದು ಬೆಟ್ಟದ ಏಕಾಂತಪಕ್ಷಿಯೆಂದು ಹಲವು ತಲೆಮಾರುಗಳ ಜನ ನಂಬಿದುದು ಈ ತಪ್ಪಿನಿಂದಲೇ.

ಅಬರಿಸ್ಟ್‌ವಿತ್ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೆ. ಎಚ್. ಸಾಲ್ಟರ್ ಅವರು 1890ರ ದಶಕದಿಂದ ಈ ಹದ್ದುಗಳನ್ನು ನೋಡುತ್ತ ಅವುಗಳ ರಕ್ಷಣೆಗೆ ಯತ್ನಿಸಿದರು. 1903ರಲ್ಲಿ ಪಕ್ಷಿಶಾಸ್ತ್ರಜ್ಞರು ಸೇರಿ ಹದ್ದುಗಳ ರಕ್ಷಣೆಗೆಂದೇ ಒಂದು ಸಮಿತಿಯನ್ನು ಮಾಡಿದರು. ಗೂಡಿರುವ ಜಮೀನಿನ ರೈತನು ಮರಿಗಳು ಹಾರುವ ತನಕ ಕಾದರೆ ಅವನಿಗೆ ಇನಾಮು ಕೊಡುವ ಪದ್ಧತಿ ಬಂದಿತು. 1566ರಲ್ಲಿ ಹದ್ದಿನ ತಲೆಗೆ ಕೊಟ್ಟ ಹಣವನ್ನು ಈಗ ಅದರ ಜೀವಕ್ಕೆ ಕೊಡಬೇಕಾಯಿತು. ಗೂಡಿನ ಸ್ಥಳವನ್ನು ಗುಟ್ಟಾಗಿಡಲಾಯಿತು. ಕಂಡವರು ಕಂಡೆವೆಂದು ಹೇಳದಿರುವುದೇ ರಕ್ಷಣೆಯಾಯಿತು. ಹೀಗೆ ದಶಕಗಳು ಕಳೆದರೂ ಸಂಖ್ಯೆಯು ಬಹಳ ನಿಧಾನವಾಗಿ ಏರಿತು. ಈ ಹದ್ದುಗಳ ಬಹುಭಾಗವು ಒಂದೇ ಹೆಣ್ಣು ಹಕ್ಕಿಯ ಸಂತತಿಯೆಂದು ಈಚಿನ ವಂಶಪರೀಕ್ಷೆಗಳಿಂದ ತಿಳಿದುಬಂದಿದೆ. ಒಂದು ದೇಶದ ಹಕ್ಕಿ ಎಷ್ಟು ತೆಳುವಾದ ನೂಲಿನ ಮೇಲೆ ನಿಂತಿತ್ತೆಂಬುದನ್ನು ಇದರಿಂದ ಊಹಿಸಬಹುದು.

6

1989ರಲ್ಲಿ ಸರ್ಕಾರದ ಪ್ರಕೃತಿರಕ್ಷಣಾ ಸಂಸ್ಥೆಯೂ ಪಕ್ಷಿರಕ್ಷಣೆಯ ರಾಯಲ್ ಸೊಸೈಟಿಯೂ ಸೇರಿ ಹದ್ದನ್ನು ಮರಳಿ ನೆಲೆಗೊಳಿಸುವ ಕಾರ್ಯವನ್ನು ಕೈಕೊಂಡುವು. ಸ್ವೀಡನ್ನಿನಿಂದ ತಂದ ಮರಿಗಳನ್ನು ಉತ್ತರ ಸ್ಕಾಟ್ಲೆಂಡಿನ ಬ್ಲ್ಯಾಕ್ ಐಲ್ ಪ್ರದೇಶದಲ್ಲಿಯೂ, ಬಹುಪಾಲು ಸ್ಪೇನಿನಿಂದ ತಂದ ಮರಿಗಳನ್ನು ಲಂಡನ್ನಿನ ಪಶ್ಚಿಮಕ್ಕಿರುವ ಚಿಲ್ಟರ್ನ್ ಗುಡ್ಡಗಳಲ್ಲಿಯೂ ಬಿಡಲಾಯಿತು. ಐದಾರು ವರ್ಷಗಳಲ್ಲಿ ಒಂದೊಂದು ಕಡೆಯೂ ಬಿಟ್ಟುದು ಸುಮಾರು ತೊಂಬತ್ತು. 1992ರಲ್ಲಿ ಎರಡೂ ಕಡೆ ಅವು ಮರಿಮಾಡಿದುವು. ಬಳಿಕ ಇಂಗ್ಲೆಂಡು, ಸ್ಕಾಟ್ಲೆಂಡುಗಳ ಬೇರೆ ಬೇರೆ ಭಾಗಗಳಲ್ಲಿಯೂ ಅವನ್ನು ಬಿಟ್ಟರು. 2004ರಲ್ಲಿ ಬಿಡಲು ಆರಿಸಿದ ಡರ್ವೆಂಟ್ ಕಣಿವೆಯು ಗೇಟ್ಸ್‌ಹೆಡ್ ಎಂಬ ಕೈಗಾರಿಕಾ ಪಟ್ಟಣದ ಅಂಚಿನಲ್ಲಿಯೇ ಇದೆ. ಇಂದು ಬ್ರಿಟನ್ನಿನಲ್ಲಿ ಗೂಡು ಕಟ್ಟುವ ಜೋಡಿಗಳ ಸಂಖ್ಯೆ ನಾಲ್ಕು ಸಾವಿರವನ್ನು ಮೀರಿದೆ. ಮೊದಲು ಮರಿಗಳನ್ನು ಕೊಟ್ಟ ಸ್ಪೇನಿನಲ್ಲಿ ಹದ್ದು ಕ್ಷೀಣಿಸಿದುದರಿಂದ 2022ರಿಂದ ಇಂಗ್ಲೆಂಡಿನಲ್ಲಿ ಹುಟ್ಟಿದ ಮರಿಗಳನ್ನು ಆ ದೇಶಕ್ಕೆ ಕಳುಹಿಸಿರುವರು. ಸಾಲ ತೀರಿತೆಂದೇ ಹೇಳಬೇಕು.

ಎರಡು ಸ್ಥಳಗಳಲ್ಲಿ ಒಂದೇ ಸಮಯಕ್ಕೆ, ಹೆಚ್ಚುಕಡಮೆ ಒಂದೇ ಸಂಖ್ಯೆಯಲ್ಲಿ ಬಿಟ್ಟ ಹದ್ದುಗಳ ಗತಿಯು ಬೇರೆಬೇರೆಯಾದುದು ಚರಿತ್ರಕಾರನು ಅವಶ್ಯವಾಗಿ ಗಮನಿಸಬೇಕಾದ ಸಂಗತಿ. 2006ರ ವೇಳೆಗೆ ಚಿಲ್ಟರ್ನ್ ಗುಡ್ಡಗಳಲ್ಲಿ ಮುನ್ನೂರಕ್ಕೂ ಹೆಚ್ಚು ಜೋಡಿಗಳಿದ್ದರೆ ಬ್ಲ್ಯಾಕ್ ಐಲ್ ಪ್ರದೇಶದಲ್ಲಿ ಸುಮಾರು ನಲವತ್ತು ಜೋಡಿಗಳು ಮಾತ್ರ ಇದ್ದುವು. ಮರಿಗಳ ಸಂಖ್ಯೆಯಲ್ಲಿ ಕೊರತೆಯಿರಲಿಲ್ಲ. ಕಾನೂನುಬಾಹಿರವಾಗಿ ಕೊಲ್ಲುವುದೇ, ಅದರಲ್ಲಿಯೂ ವಿಷವಿಕ್ಕುವುದೇ, ಈ ಅಂತರಕ್ಕೆ ಕಾರಣವೆಂದು ಸಂಶೋಧಕರು ತೋರಿಸಿರುವರು. 2014ರ ವಸಂತದಲ್ಲಿ ಅದೇ ಸೀಮೆಯ ಕಾನನ್ ಬ್ರಿಜ್ ಊರಿನ ಬಳಿ 16 ಕೆಂಪು ಹದ್ದುಗಳೂ 6 ಬಜರ್ಡ್ ಹಕ್ಕಿಗಳೂ ಸತ್ತು ಬಿದ್ದಿದ್ದುವು. ಪರೀಕ್ಷಿಸಿದಾಗ ಅವುಗಳಲ್ಲಿ ಹೆಚ್ಚಿನವು ವಿಷದಿಂದ ಸತ್ತುವೆಂದು ತಿಳಿಯಿತು. ಗ್ಲೆನ್‌ಗ್ಯಾರಿಯ ಪಟ್ಟಿ ಮುಗಿದುಹೋದ ಕಾಲದ್ದೆಂದು ನೆಮ್ಮದಿಯಿಂದಿರಲು ಇದು ಅವಕಾಶ ಕೊಡುವುದಿಲ್ಲ.

ಇನ್ನು ಪೇಟೆಯ ವಿಷಯ. ಚಿಲ್ಟರ್ನ್ ಗುಡ್ಡಗಳಿಗೆ ದಕ್ಷಿಣದಲ್ಲಿರುವ ರೆಡಿಂಗ್ ದೊಡ್ಡ ಪಟ್ಟಣ. ಅಲ್ಲಿ ಹಗಲಿನಲ್ಲಿ ನೂರಾರು ಹದ್ದುಗಳು ಮನೆಗಳ ಮೇಲೆ ಸುತ್ತುವುದನ್ನು ಕಂಡು ಅದಕ್ಕೆ ಕಾರಣವನ್ನು ಆ ಊರಿನ ವಿಶ್ವವಿದ್ಯಾಲಯದ ಸಂಶೋಧಕರು ಹುಡುಕಿದರು. ರಸ್ತೆಯಲ್ಲಿ ಸತ್ತ ಪ್ರಾಣಿಗಳಾಗಲಿ ಬೀದಿಯ ಕಸವಾಗಲಿ ಅಷ್ಟು ಹಕ್ಕಿಗಳಿಗೆ ಸಾಲದು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಪಟ್ಟಣದ ಮನೆಗಳಲ್ಲಿ ಶೇಕಡ 4.5ರಷ್ಟು ಮನೆಯವರು ತಮ್ಮ ಹಿತ್ತಿಲಿನಲ್ಲಿ ಹದ್ದುಗಳಿಗೆಂದು ಮಾಂಸದ ತುಂಡುಗಳನ್ನು ಇಡುತ್ತಿದ್ದರು. 142ರಿಂದ 320 ಹದ್ದುಗಳಿಗೆ ಇದು ಸಾಕಾಗುತ್ತಿತ್ತು. ಹಳೆಯ ಲಂಡನ್ನಿನ ಹದ್ದು ಪೇಟೆಯ ಹೊಲಸನ್ನು ತಿಂದು ಬದುಕಿತು. ಇಂದಿನ ರೆಡಿಂಗಿನ ಹದ್ದು ಪೇಟೆಯವರ ಉಪಚಾರವನ್ನು ತಿಂದು ಬದುಕುತ್ತಿದೆ. ಆಗ ಕೊಟ್ಟವರು ತಿಳಿಯದೆ ಕೊಟ್ಟರು. ಈಗ ಕೊಡುವವರು ನೋಡುವ ಆಸೆಯಿಂದ ಕೊಡುತ್ತಿರುವರು.

ಈ ಉಪಚಾರಕ್ಕೂ ದೋಷಗಳಿವೆ. ಎಲುಬಿಲ್ಲದ ಬೇಯಿಸಿದ ಮಾಂಸದಿಂದ ಮರಿಗಳ ಮೂಳೆ ಬಲಿಯುವುದಿಲ್ಲ. ಮನುಷ್ಯನ ಕೈಗೆ ಪಳಗಿದ ಹದ್ದು ಕೈಯಲ್ಲಿರುವುದನ್ನೂ ಕಸಿಯಲು ಕಲಿಯುವುದು. ಚಿಲ್ಟರ್ನ್ ಸೀಮೆಯ ಊರುಗಳಲ್ಲಿ ಆಟದ ಬಯಲಿನ ಮಕ್ಕಳಿಂದ ಹದ್ದುಗಳು ತಿಂಡಿಯನ್ನು ಕಿತ್ತುಕೊಂಡ ದೂರುಗಳು ಬಂದುವು. ಹದ್ದುಗಳಿಗೆ ಆಹಾರ ಹಾಕಬೇಡಿರೆಂದು ರಕ್ಷಣಾಧಿಕಾರಿಗಳೇ ಜನರನ್ನು ಬೇಡಿಕೊಂಡರು. ಅವುಗಳ ಗೂಡುಗಳಲ್ಲಿ ಬಟ್ಟೆಯ ಚೂರುಗಳೂ ಮಕ್ಕಳ ಬೊಂಬೆಗಳೂ ಸಿಕ್ಕಿವೆ. ವೆನಿಸಿನವನ ವರದಿ, ಟರ್ನರನ ಗ್ರಂಥ, ಷೇಕ್ಸ್‌ಪಿಯರನ ನಾಟಕ ಇವು ಮೂರನ್ನೂ ಓದಿದವನಿಗೆ ಇದರಲ್ಲಿ ಹೊಸತೇನೂ ಕಾಣದು. ಎರಡು ಶತಮಾನಗಳ ಕಾಲ ಪೇಟೆಯನ್ನು ಬಿಟ್ಟಿದ್ದ ಹಕ್ಕಿ, ತನ್ನ ಪೂರ್ವಿಕರನ್ನು ಎಂದೂ ಕಾಣದ ಪರದೇಶದ ಮರಿಗಳ ಸಂತಾನವಾಗಿ ಬಂದು, ಅದೇ ಊರುಗಳಲ್ಲಿ ಅದೇ ಕೆಲಸವನ್ನು ಮಾಡಿತು.

7

ಮೇಲೆ ಹೇಳಿದ ಸಂಗತಿಗಳಿಂದ ನಮ್ಮ ಪ್ರಶ್ನೆಗೆ ಉತ್ತರ ಸಿದ್ಧವಾಗುವುದು. ಹಕ್ಕಿಯ ಸ್ವಭಾವವು ಬದಲಾಗಲಿಲ್ಲ. ಮಗುವಿನ ಕೈಯ ರೊಟ್ಟಿಯನ್ನು ಅದು 1500ರಲ್ಲಿಯೂ ಕಸಿದಿತು, ಈಗಲೂ ಕಸಿಯುತ್ತಿದೆ. ಅದನ್ನು ಮೊದಲು ಪಳಗಿದುದರ ಗುರುತೆಂದರು, ಆಮೇಲೆ ಲೂಟಿಯೆಂದರು, ಈಗ ಕೆಲವರು ಉಪದ್ರವವೆಂದೂ ಕೆಲವರು ಕೌತುಕವೆಂದೂ ಹೇಳುವರು. ಬದಲಾದುದು ನೋಟ, ನೋಟದ ಹಿಂದೆ ಇದ್ದುದು ಲೆಕ್ಕಾಚಾರ.

ಇದರಿಂದ ಇನ್ನೂ ಒಂದು ತೀರ್ಮಾನಕ್ಕೆ ಬರಬಹುದು. ಹದ್ದು ಬೀದಿಯನ್ನು ಶುದ್ಧಮಾಡುವುದು, ಆದುದರಿಂದ ಅದನ್ನು ಕೊಲ್ಲಬಾರದು ಎಂಬ ವಾದವು ಬಹಳ ಯುಕ್ತವಾಗಿ ಕಾಣುವುದು. ಆದರೆ ಬೀದಿಯನ್ನು ಶುದ್ಧಮಾಡುವ ಬೇರೆ ಉಪಾಯ ದೊರೆತ ದಿನ ಆ ವಾದವು ಬಿದ್ದುಹೋಗುವುದು. ಲಂಡನ್ನಿನಲ್ಲಿ ಹಾಗೆಯೇ ಆಯಿತು. ಪ್ರಯೋಜನದ ಆಸರೆಯಲ್ಲಿ ನಿಂತ ರಕ್ಷಣೆಯು ಪ್ರಯೋಜನವಿರುವಷ್ಟು ಕಾಲ ಮಾತ್ರ. ಹಕ್ಕಿಯನ್ನು ಮರಳಿ ತಂದವರು ಅದರಿಂದ ಯಾವ ಚಾಕರಿಯನ್ನೂ ಬಯಸಲಿಲ್ಲ. ಅದು ತಮ್ಮ ಆಕಾಶದಲ್ಲಿ ಇರಬೇಕೆಂದು ಮಾತ್ರ ಬಯಸಿದರು. ಐದು ಶತಮಾನಗಳ ಈ ಚರಿತ್ರೆಯಲ್ಲಿ ಹೊಸತೆಂದರೆ ಇದೊಂದೇ.

ನಮ್ಮ ದೇಶದ ಅನುಭವವು ಈ ಮಾತಿಗೆ ದೂರವಾದುದಲ್ಲ. ಊರಾಚೆ ಬಿದ್ದ ದನದ ಹೆಣವನ್ನು ತಿಂದು ಮುಗಿಸುತ್ತಿದ್ದ ರಣಹದ್ದುಗಳಿಗಿಂತ ಉಪಯುಕ್ತವಾದ ಹಕ್ಕಿಯಿರಲಿಲ್ಲ. ಆದರೂ 1990ರ ದಶಕದಲ್ಲಿ ದನಗಳಿಗೆ ಕೊಟ್ಟ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿಯಿಂದ ಅವು ಲಕ್ಷಗಟ್ಟಲೆ ಸತ್ತುವು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಆ ಔಷಧಿಯನ್ನು ನಿಷೇಧಿಸುವ ವೇಳೆಗೆ ಬಹುಪಾಲು ಮುಗಿದುಹೋಗಿತ್ತು. ಕರ್ನಾಟಕದಲ್ಲಿ ರಾಮನಗರದ ಬಂಡೆಗಳ ಮೇಲೆ ಉಳಿದಿದ್ದ ಕೆಲವಕ್ಕಾಗಿ 2012ರಲ್ಲಿ ಒಂದು ಧಾಮವನ್ನು ಗೊತ್ತುಮಾಡಲಾಯಿತು. ಉಪಯೋಗವು ಅವನ್ನು ಕಾಯಲಿಲ್ಲ. ಅವು ಹೋದ ಮೇಲೆಯೇ ಉಪಯೋಗದ ಲೆಕ್ಕವನ್ನು ಹಾಕಿದರು.

ನಮ್ಮ ಪೇಟೆಗಳ ಮೇಲೆ ಸುತ್ತುವ ಕರಿಯ ಹದ್ದು ಇಂದು ಹೇರಳವಾಗಿದೆ. ಹೇರಳವಾಗಿರುವುದರಿಂದಲೇ ಅದನ್ನು ಯಾರೂ ಬರೆದಿಡುವುದಿಲ್ಲ. ಲಂಡನ್ನಿನ ಜನರೂ ತಮ್ಮ ಹದ್ದನ್ನು ಬರೆದಿಡಲಿಲ್ಲ. ಬೊಹೀಮಿಯದವನು, ವೆನಿಸಿನವನು, ದೇಶಬಿಟ್ಟ ಟರ್ನರನು ಇವರು ಬರೆದಿಡದಿದ್ದರೆ ಅದು ಅಲ್ಲಿ ಇತ್ತೆಂಬುದೇ ನಮಗೆ ತಿಳಿಯುತ್ತಿರಲಿಲ್ಲ. ಇರುವಾಗಲೇ ನೋಡುವುದೂ ನೋಡಿದುದನ್ನು ದಿನಾಂಕದೊಡನೆ ಬರೆದಿಡುವುದೂ ಚರಿತ್ರೆಯ ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯದೊಳಗೇ ಸೇರಿದ್ದೆಂದು ಹೇಳಿ ಈ ಲೇಖನವನ್ನು ಮುಗಿಸುವೆವು.